ಗಂಟಿನಾಚೆ ಗೇಣುದ್ದ ನೂಲು

ಕಾಪುವಿನ ಬಾವ ಎಂಬವರಿಗೆ ಮಲ್ಪೆ ಬಂದರಿನ ಹಿಂದೆ ಬಲೆಯ ನೂಲು, ಸೂಜಿ, ಹಗ್ಗ ಮಾರುವ ಸಣ್ಣ ಅಂಗಡಿಯಿದೆ. ಭುಜದ ನೋವು ಹೆಚ್ಚಾಗುವವರೆಗೆ ಅವರೂ ಬೋಟಿನಲ್ಲಿ ದುಡಿದವರು. ಬಲೆ ಬಿಟ್ಟು ಕಾಯುವಾಗ ಬೋಟಿನಲ್ಲಿ ನಡೆಯುವ ಮಾತಿಗೆ ಕೊನೆಯಿರುವುದಿಲ್ಲ. ದಡಕ್ಕೆ ಬಂದ ಮೇಲೆ ಅವರು ಕಳೆದುಕೊಂಡದ್ದು ಸಮುದ್ರಕ್ಕಿಂತ ಹೆಚ್ಚಾಗಿ ಆ ಮಾತನ್ನು.

ಮಣಿಪಾಲದ ಒಂದು ಸಣ್ಣ ಸಮುದಾಯ ಬಾನುಲಿಯವರು ಪ್ರಾಯೋಜಕರನ್ನು ಹುಡುಕಿಕೊಂಡು ಬಂದಾಗ ಬಾವ ಒಂದೇ ಷರತ್ತು ಹಾಕಿದರು: ಜಾಹೀರಾತು ಬೇಡ, ಅರ್ಧ ಗಂಟೆ ನಾನೇ ಮಾತನಾಡುತ್ತೇನೆ. ಉಡುಪಿಯ ಪಾತ್ರೆ ಅಂಗಡಿಯೊಂದು ಅಡುಗೆ ಕಾರ್ಯಕ್ರಮವನ್ನೂ ಪೆರ್ಡೂರಿನ ನರ್ಸರಿಯೊಂದು ಗಿಡಗಳ ಪ್ರಶ್ನೋತ್ತರವನ್ನೂ ನಡೆಸುತ್ತಿದ್ದವು. ಅವುಗಳ ಜೊತೆಗೆ ಗುರುವಾರ ಮಧ್ಯಾಹ್ನದ ‘ಬಲೆಯ ಹೊತ್ತು’ ಸೇರಿತು. ಮೊದಲಿಗೊಮ್ಮೆ, ಕೊನೆಗೊಮ್ಮೆ ಅಂಗಡಿಯ ಹೆಸರು. ನಡುವೆ ಗಾಳಿಯ ಸುದ್ದಿ, ಮೀನಿನ ಕಥೆ, ಹಳಬರ ತಮಾಷೆ.

ಪ್ರಸಾರ ಮಲ್ಪೆಯವರೆಗೆ ತಲುಪುತ್ತದೆ, ಕಾಪುವಿಗಿಲ್ಲ. ಆದ್ದರಿಂದ ಬಾವ ಅವರ ಹೆಂಡತಿ ಬೀಪಾತುಮ್ಮ ಗಂಡನ ಕಾರ್ಯಕ್ರಮವನ್ನು ಒಮ್ಮೆಯೂ ಕೇಳಿರಲಿಲ್ಲ.

ಜುಲೈ ತಿಂಗಳು. ಮಳೆಗಾಲದ ಮೀನುಗಾರಿಕೆ ನಿಷೇಧವಿದ್ದು ಬೋಟುಗಳೆಲ್ಲ ದಡದಲ್ಲಿದ್ದವು, ಬಂದರಿನ ಶೆಡ್ಡಿನಲ್ಲಿ ಬಲೆ ಸರಿಪಡಿಸುವ ಕೆಲಸ ನಡೆದಿತ್ತು. ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ ಮೆಲಿಷಾ ಸ್ಟುಡಿಯೋದ ಹೊರಗೆ ಬಾವ ಅವರನ್ನು ಕೂರಿಸಿಕೊಂಡಳು.

“ಬಾವಾಕ, ಬೇಸರ ಮಾಡಬೇಡಿ. ಅಡುಗೆ ಕಾರ್ಯಕ್ರಮಕ್ಕೆ ಫೋನ್ ನಿಲ್ಲುವುದೇ ಇಲ್ಲ. ನಿಮಗೆ ಇಷ್ಟು ತಿಂಗಳಲ್ಲಿ ಒಂದು ಕರೆಯೂ ಬರಲಿಲ್ಲ. ಕೇಳುವವರೇ ಇಲ್ಲ ಅಂತ ಮೀಟಿಂಗಿನಲ್ಲಿ ತೀರ್ಮಾನ ಆಯ್ತು. ಮುಂದಿನ ಗುರುವಾರ ಕೊನೆಯದು.”

ಬಾವ ಮನೆಗೆ ಹೋಗಿ ಇದನ್ನು ಹೇಳಿದರು. ಮೀನು ಕೊಯ್ಯುತ್ತಿದ್ದ ಬೀಪಾತುಮ್ಮ ತಲೆ ಎತ್ತಲಿಲ್ಲ.

“ಬೋಟಿನ ಕಾಲದಲ್ಲಿ ನೀವು ಬಲೆ ಸರಿಪಡಿಸಲು ಕೂತಾಗ ನಾನು ಎಷ್ಟು ಸಲ ಫೋನ್ ಮಾಡಿಲ್ಲ? ಒಂದು ಸಲವಾದರೂ ಎತ್ತಿದ್ದುಂಟಾ?”

“ಅದು ಹೇಗೆ ಎತ್ತುವುದು ಮಾರಾಯ್ತಿ? ಬಲೆಯ ಕಣ್ಣಿಯ ಲೆಕ್ಕ ತಪ್ಪುವುದಿಲ್ವಾ?”

ಹೇಳುತ್ತಿದ್ದಂತೆಯೇ ಬಾವ ಅವರಿಗೆ ಒಂದು ಸಂಗತಿ ಹೊಳೆಯಿತು. ಬಲೆ ಸರಿಪಡಿಸುವವನು ಅದನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಒಂದು ಕೈಯಲ್ಲಿ ಕಣ್ಣಿ, ಇನ್ನೊಂದರಲ್ಲಿ ಸೂಜಿ ಹಿಡಿದಿರುತ್ತಾನೆ. ಬಿಡುವಿರುವುದು ಅವನ ಕಿವಿಗೆ ಮಾತ್ರ. ಕರೆ ಬರಲಿಲ್ಲ ಎಂದರೆ ಕೇಳುವವರಿಲ್ಲ ಎಂದಾಗಲಿಲ್ಲ. ಇದ್ದಾರೆ ಎಂದೂ ಆಗಲಿಲ್ಲ.

ಬಾವ ಒಂದು ಉಪಾಯ ಮಾಡಿ ಮೆಲಿಷಾಳಿಗೆ ತಿಳಿಸಿದರು. ಅವಳು ಒಪ್ಪಿದಳು, ಆದರೆ ಎಚ್ಚರಿಸಿದಳು: “ಮೊದಲೇ ಯಾರಿಗೂ ಹೇಳಬಾರದು, ಅಂಗಡಿಯಲ್ಲೂ. ಹೇಳಿದರೆ ರೇಡಿಯೋ ಕೇಳಿಯೇ ಮಾಡಿದ್ದಾ ಅಂತ ಹೇಗೆ ಗೊತ್ತಾಗುವುದು? ಪ್ರಸಾರ ಮುಗಿದ ಕೂಡಲೇ ಹೋಗಿ ನೋಡೋಣ.”

ಆ ಗುರುವಾರ ಬಾವ ಕೊನೆಯಲ್ಲಿ ಹೇಳಿದ್ದು ಇಷ್ಟೇ: “ನನಗೆ ಫೋನ್ ಮಾಡಬೇಡಿ. ಈಗ ಕೈಯಲ್ಲಿರುವ ತೂತು ಮುಚ್ಚಿದ ಮೇಲೆ ಕೊನೆಯ ಗಂಟಿನ ನೂಲನ್ನು ಕತ್ತರಿಸಬೇಡಿ. ಒಂದು ಗೇಣು ಹಾಗೇ ಬಿಡಿ.”

ಕೇಳಲು ಸಣ್ಣದಾದರೂ ಅದು ಸುಲಭದ ಬೇಡಿಕೆಯಲ್ಲ. ಗಂಟಿನ ಬುಡಕ್ಕೇ ನೂಲು ಕತ್ತರಿಸುವುದು ಬಲೆಯವನ ಮರ್ಯಾದೆ. ಬಾಲ ಬಿಟ್ಟವನನ್ನು ಹೊಸಬ ಎಂದು ನಗುತ್ತಾರೆ.

ಮೆಲಿಷಾಳ ಸ್ಕೂಟರಿನಲ್ಲಿ ಅವರು ಮಲ್ಪೆ ತಲುಪಿದಾಗ ಕೊನೆಯ ಕಾರ್ಯಕ್ರಮ ಮುಗಿಸಿ ಬರುವ ಗಂಡನಿಗಾಗಿ ಬೀಪಾತುಮ್ಮ ಕಾಪುವಿನಿಂದ ಆಗಷ್ಟೇ ಬಸ್ಸಿನಲ್ಲಿ ಬಂದು ಅಂಗಡಿಯೆದುರು ನಿಂತಿದ್ದರು. ಮಳೆ ಬಿಟ್ಟಿತ್ತು. ಮೂವರೂ ಬಲೆಯ ಶೆಡ್ಡಿನತ್ತ ನಡೆದರು.

ಮೊದಲ ಬಲೆಯಲ್ಲಿ ಏನೂ ಕಾಣಲಿಲ್ಲ. ಬಾವ ಅವರ ಮುಖ ಇಳಿಯಿತು. ಎರಡನೆಯದರಲ್ಲಿ ಒಂದು ನೂಲು ಗಾಳಿಗೆ ಅಲ್ಲಾಡಿತು. ಅದರಾಚೆ ಇನ್ನೊಂದು. ಆಮೇಲೆ ಕಣ್ಣು ಹೊಂದಿಕೊಂಡಂತೆ, ಶೆಡ್ಡಿನ ಉದ್ದಕ್ಕೂ ಹರಡಿದ್ದ ಹಸಿರು ಬಲೆಗಳ ಮೇಲೆ ಗೇಣುದ್ದದ ನೂಲುಗಳು ಕಾಣಿಸತೊಡಗಿದವು. ಕಡಲ ಗಾಳಿ ಬೀಸಿದಾಗಲೆಲ್ಲ ಅವು ಒಟ್ಟಿಗೇ ಏಳುತ್ತಿದ್ದವು, ಒಟ್ಟಿಗೇ ಮಲಗುತ್ತಿದ್ದವು. ಎಣಿಸಲು ಹೊರಟ ಮೆಲಿಷಾ ನಡುವೆ ಎಣಿಕೆ ಬಿಟ್ಟು ಸುಮ್ಮನೆ ನೋಡುತ್ತ ನಿಂತಳು. ಕಣ್ಣಿಗೆ ಕಾಣದ ಅಲೆಯೊಂದು ಮಣಿಪಾಲದ ಗುಡ್ಡದಿಂದ ಹೊರಟು, ಊರುಕೇರಿ ದಾಟಿ, ಇಷ್ಟು ಬೆರಳುಗಳನ್ನು ಮುಟ್ಟಿ ಹೋಗಿತ್ತು.

“ಎಂತ ಬಾವಾಕ,” ಹಿರಿಯ ಬಲೆಗಾರ ದೂಮಣ್ಣ ಕೂತಲ್ಲಿಂದಲೇ ಕೂಗಿದರು. “ಈ ಪ್ರಾಯದಲ್ಲಿ ನನ್ನನ್ನು ಹೊಸಬ ಮಾಡಿದಿರಲ್ಲ! ಮುಂದಿನ ಗುರುವಾರ ಉಂಟಲ್ವಾ?”

ಬಾವ ಮೆಲಿಷಾಳನ್ನು ನೋಡಿದರು.

“ಉಂಟು,” ಎಂದಳು ಮೆಲಿಷಾ. “ಮೀಟಿಂಗಿನವರನ್ನು ನಾನೇ ಇಲ್ಲಿಗೆ ಕರೆದುಕೊಂಡು ಬರುತ್ತೇನೆ.”

“ಹಾಗಾದರೆ ಈ ಬಾಲ ಕತ್ತರಿಸಬಹುದಾ?” ದೂಮಣ್ಣ ಕತ್ತರಿ ಎತ್ತಿದರು.

ಬಾವ ಬಾಯಿ ತೆರೆದರು, ಮಾತು ಹೊರಡಲಿಲ್ಲ.

“ರೇಡಿಯೋದಲ್ಲಿ ಮಾತ್ರವಾ ನಿಮಗೆ ಬಾಯಿ?” ಎಂದರು ಬೀಪಾತುಮ್ಮ.

“ಸ್ವಲ್ಪ ತಡೆಯಿರಿ ದೂಮಣ್ಣ,” ಎಂದರು ಬಾವ ಕೊನೆಗೆ. “ಕಾಪುವಿನಲ್ಲಿ ನಮ್ಮ ಸ್ಟೇಷನ್ ಸಿಗುವುದಿಲ್ಲ. ಇವಳು ಒಮ್ಮೆ ನೋಡಲಿ.”

ಬೀಪಾತುಮ್ಮ ಬಗ್ಗಿ ಒಂದು ನೂಲನ್ನು ಬೆರಳಿಗೆ ಸುತ್ತಿಕೊಂಡರು. ಬಹಳ ಹೊತ್ತು ಬಿಡಲಿಲ್ಲ.