ಬಡಿಸುವವರ ದಾರಿ

ಮೇಡಂ ‘ಸಾಕು’ ಅಂದದ್ದು ನಿಜ. ನಾನು ತಬಸ್ಸುಮಳ ಹತ್ತಿರ ಹೋಗಿ ‘ಸಾಕು ಅಂದ್ರು’ ಎಂದು ಹೇಳಿದ್ದೂ ನಿಜ. ಒಂದಕ್ಷರವನ್ನೂ ನಾನು ಸೇರಿಸಲಿಲ್ಲ. ಆದರೂ ನಾನು ಅವಳಿಗೆ ಮೋಸ ಮಾಡಿದೆ — ಗೊತ್ತಿದ್ದೇ ಮಾಡಿದೆ. ಅವಳು ಕಟ್ಟಿದ ಪುಟವನ್ನು ಅವಳೇ ಕೈಬಿಡುವಂತೆ ಮಾಡಿ, ಅದರ ಕೆಳಗೆ ನನ್ನ ಹೆಸರು ಹಾಕಿಕೊಂಡೆ. ‘ನಾನೇನು ಸುಳ್ಳು ಹೇಳಿಲ್ಲವಲ್ಲ’ ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡು ಬಂದೆ. ಸುಳ್ಳನ್ನೇ ಹೇಳಿದ್ದರೆ ವಾಸಿಯಿತ್ತು. ಸುಳ್ಳು ಯಾವತ್ತಾದರೂ ಸಿಕ್ಕಿಬೀಳುತ್ತದೆ.

ನಮ್ಮದು ಮಾಟುಂಗದ ಒಂದು ಕಾಲೇಜು. ವರ್ಷಕ್ಕೊಮ್ಮೆ ಬರುವ ವಿದ್ಯಾರ್ಥಿ ಪತ್ರಿಕೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ ಎಲ್ಲ ಮುಗಿದು, ಜಾಹೀರಾತುಗಳು ಶುರುವಾಗುವ ಮುಂಚೆ, ಕನ್ನಡಕ್ಕೆ ನಾಲ್ಕು ಪುಟ. ಆ ನಾಲ್ಕು ಪುಟಗಳಿಗೆ ನಾನು ಸಂಪಾದಕಿ. ನಮ್ಮದು ಧಾರವಾಡದ ಕಡೆಯ ಮನೆ; ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಕನ್ನಡ ಓದಲು, ಬರೆಯಲು ಬರುತ್ತದೆ ಎನ್ನುವುದೇ ನನ್ನ ಅರ್ಹತೆ. ಹುಡುಕಿದರೂ ಇನ್ನೊಬ್ಬರು ಸಿಕ್ಕಿರಲಿಲ್ಲ ಅಷ್ಟೇ. ಆದರೂ ನನ್ನ ಗತ್ತು ಮಾತ್ರ ಕೇಳಬೇಡಿ.

ತಬಸ್ಸುಮ್ ನನ್ನ ಬೆಂಚಿನವಳು. ವಿಜಯಪುರದಿಂದ ಬಂದ ಕುಟುಂಬ, ಗ್ರಾಂಟ್ ರೋಡಿನ ಚಾಳಿನಲ್ಲಿ ಒಂದು ಖೋಲಿ. ಅವಳ ಅಪ್ಪ ಸೋಫಾಗೆ ಬಟ್ಟೆ ಹಾಕುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ದಖನಿ ಉರ್ದು, ಅಪ್ಪನ ಜೊತೆ ಮಾತ್ರ ಕನ್ನಡ. ಅವರು ಊರಿನ ಕನ್ನಡ ಶಾಲೆಯಲ್ಲಿ ಓದಿದವರು. ಅದೊಂದನ್ನು ಬಿಟ್ಟು ಬೇರೆ ಯಾವ ಲಿಪಿಯೂ ಅವರಿಗೆ ಬರುತ್ತಿರಲಿಲ್ಲ. ಮಗಳಿಗೆ ಬಿ.ಕಾಂ. ಮುಗಿಸಿ ಡಿಸೈನ್ ಕೋರ್ಸಿಗೆ ಸೇರುವ ಆಸೆ. ಚಿತ್ರ ಬಿಡಿಸುವುದೂ ಒಂದು ಓದೇ ಎಂದು ಅಪ್ಪನಿಗೆ ನಂಬಿಕೆ ಬರಬೇಕಲ್ಲ.

ಒಂದು ದಿನ ಸ್ಟೇಷನ್ನಿನ ಸೇತುವೆ ಮೇಲೆ ಅವಳೇ ನನಗೆ ಹೇಳಿದಳು: “ಅಬ್ಬಾ ಏನ್ ಅಂದ್ರು ಗೊತ್ತೇನ? ಕಾಲೇಜಿನವ್ರು ನಿನ್ನ ಕೆಲಸ ಛಾಪಸಲಿ, ಹೆಸರು ಹಾಕಲಿ, ನಾ ಓದತೀನಿ, ಆಮ್ಯಾಲ ಮಾತಾಡೂಣು ಅಂದ್ರು.” ಅವಳ ಅಪ್ಪ ಓದಬಲ್ಲದ್ದು ಇಡೀ ಪತ್ರಿಕೆಯಲ್ಲಿ ನಮ್ಮ ನಾಲ್ಕು ಪುಟಗಳನ್ನು ಮಾತ್ರ. ಅವಳ ಹೆಸರು ಬರುವುದಾದರೆ ಅಲ್ಲಿಯೇ ಬರಬೇಕಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಆ ವರ್ಷದ ನಡುಪುಟಗಳಿಗೆ ಕನ್ನಡದ ಮೇಡಂ ಒಂದು ವಿಷಯ ಕೊಟ್ಟಿದ್ದರು — ‘ಊಟ ಆಯ್ತಾ?’ ಅನ್ನುವ ಒಂದೇ ಪ್ರಶ್ನೆಯನ್ನು ನಮ್ಮ ನಮ್ಮ ಮನೆಗಳಲ್ಲಿ ಹೇಗೆ ಕೇಳುತ್ತಾರೆ, ಕೇಳುವವರು ಯಾರು, ಅದನ್ನು ನಾಲ್ಕು ಸಾಲಿನಲ್ಲಿ ಬರೆಯುವುದು. ‘ಊಟಾತೇನ?’, ತುಳುವಿನ ‘ವನಸ್ ಆಂಡಾ?’, ಕೊಂಕಣಿಯ ‘ಜೆವಾಣ್ ಜಾಲೆಂಗೀ?’, ದಖನಿಯ ‘ಖಾನಾ ಖಾಯೇ ಕ್ಯಾ?’ — ಬರಹಗಳು ಬಂದವು. ನಾನು ಒಂದೊಂದಕ್ಕೂ ಚೌಕಟ್ಟು ಹಾಕಿ, ಮೂಲೆಗೊಂದು ಹೂವು ಇಟ್ಟು, ಎರಡು ಪುಟ ತುಂಬಿಸಿ ಒಯ್ದೆ. ಮೇಡಂ ಉಡುಪಿಯ ಕಡೆಯವರು. ಕನ್ನಡಕದ ಮೇಲಿನಿಂದ ನೋಡಿ, “ಇದೆಂತ ಮಾರಾಯ್ತಿ, ಕಾಲಿಡಲಿಕ್ಕೆ ಜಾಗ ಇಲ್ಲ!” ಎಂದರು.

ಅದನ್ನು ತಬಸ್ಸುಮಳಿಗೆ ತೋರಿಸಿದ್ದು ನಾನೇ. ಅವಳು ನನ್ನನ್ನು ಮಾಟುಂಗದ ಉಡುಪಿ ಹೋಟೆಲಿಗೆ ಎಳೆದುಕೊಂಡು ಹೋದಳು. ಎರಡು ಸಾಲು ಮೇಜು. ನಡುವಿನ ಓಣಿಯಲ್ಲಿ ಸಾಂಬಾರಿನ ಬಕೆಟ್ ಹಿಡಿದು ಓಡಾಡುತ್ತಿದ್ದ ಮಾಣಿ. ಅವಳು ಇಡ್ಲಿ ತಿನ್ನುವುದು ಬಿಟ್ಟು ಅವನನ್ನೇ ನೋಡುತ್ತ ಕೂತಳು. ಮರುದಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅವಳು ತೋರಿಸಿದ ಪುಟ ಇದು — ಎಡಪುಟದಲ್ಲೊಂದು ಸಾಲು ತಟ್ಟೆ, ಬಲಪುಟದಲ್ಲೊಂದು ಸಾಲು ತಟ್ಟೆ, ಎದುರುಬದುರಾಗಿ ಪಂಕ್ತಿಗೆ ಕೂತ ಹಾಗೆ. ಒಂದೊಂದು ತಟ್ಟೆಯೊಳಗೆ ಒಂದೊಂದು ಮನೆಯ ಮಾತು. ನಡುವೆ ಉದ್ದಕ್ಕೂ ಬರೀ ಬಿಳಿ ಜಾಗ. ಏನೂ ಇಲ್ಲ.

ನೋಡಿದ ಕೂಡಲೇ ನನ್ನ ಹೊಟ್ಟೆ ಉರಿಯಿತು. ಬೇರೆ ಸಭ್ಯ ಮಾತುಗಳನ್ನು ಹುಡುಕಿ ನೋಡಿದ್ದೇನೆ — ಸಂಕಟ, ಸ್ಪರ್ಧೆ, ವಯಸ್ಸಿನ ಹುಚ್ಚು… ಯಾವುದೂ ಅಲ್ಲ. ಹೊಟ್ಟೆಕಿಚ್ಚು ಅಷ್ಟೇ.

ಅವಳಿಗೆ ಮೇಡಂ ಎದುರು ಹೋಗಲು ಅಂಜಿಕೆ. “ಅವರ ಕನ್ನಡ ನನಗ ತಿಳಿಯಂಗಿಲ್ಲ, ನಂದು ಕೇಳಿದ್ರ ಅವರು ನಗತಾರ. ನೀನ ಹೋಗು,” ಎನ್ನುತ್ತಿದ್ದಳು. ಹೀಗೆ ಪ್ರಿಂಟ್ ಒಯ್ಯುವವಳು ನಾನು, ಮೇಡಂ ಹೇಳಿದ್ದನ್ನು ತರುವವಳೂ ನಾನು. ಮೊದಲ ಸಲ ಪ್ರಾಮಾಣಿಕವಾಗಿಯೇ ತಂದೆ: ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತಿದೆ, ಬಿಡಿಸಿ. ಇಂಗ್ಲಿಷ್ ವಿಭಾಗದ ಹುಡುಗ ಇದಕ್ಕೊಂದು ಸುಲಭ ಉಪಾಯ ಸೂಚಿಸಿದ್ದ — “ಯೇ ಜೋ ನೀಚೇ ಲಟಕ್ ರಹಾ ಹೈ, ನಿಕಾಲ್ ದೋ ನಾ!” ಕೆಳಗೆ ನೇತಾಡುವುದನ್ನು ತೆಗೆದುಬಿಟ್ಟರಾಯಿತಂತೆ! ಅಪ್ಪ ಹೋಗಿ ಅಪ ಆಗುತ್ತಾನೆ ಎಂದು ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ತಬಸ್ಸುಮ್ ಒಂದೊಂದು ಸಾಲನ್ನೂ ನನ್ನಿಂದ ಗಟ್ಟಿಯಾಗಿ ಓದಿಸಿ, ಎಲ್ಲಿ ಉಸಿರು ನಿಲ್ಲುತ್ತದೋ ಅಲ್ಲಿ ಸಾಲು ಮುರಿದು, ಅಕ್ಷರಗಳಿಗೆಲ್ಲ ಜಾಗ ಮಾಡಿಕೊಟ್ಟಳು.

ಎರಡನೆಯ ಸಲ ತಟ್ಟೆಗಳು ದೊಡ್ಡವಾದವು ಅಂದರು, ಚಿಕ್ಕದಾಗಿಸಿದಳು. ಆಮೇಲೆ ನಡುವಿನ ಖಾಲಿ ಜಾಗದ ಮಾತು ಬಂತು. ಅಲ್ಲಿ ಏನಾದರೂ ಚಿತ್ರ ಹಾಕೋಣ ಎಂದವಳು ಮೇಡಂ ಅಲ್ಲ, ನಾನು. ತಬಸ್ಸುಮ್ ನಕ್ಕಳು. “ಅಲ್ಲಿ ಏನರ ಇಟ್ರ ಬಡಸಾವ್ರು ಎಲ್ಲಿಂದ ಹಾಯ್ದು ಹೋಗಬೇಕ?” ಎಂದಳು. ಅಷ್ಟು ಒಳ್ಳೆಯ ಉತ್ತರ ನನಗೆ ಯಾಕೆ ಹೊಳೆಯುವುದಿಲ್ಲ ಎಂದು ನನಗೆ ಮತ್ತೂ ಸಿಟ್ಟು ಬಂತು.

ಮೂರನೆಯ ಸಲ ಒಯ್ದಾಗ ಮೇಡಂ ಆ ಎರಡು ಪುಟಗಳನ್ನು ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದರು. ತುಳುವಿನ ತಟ್ಟೆಯ ಮೇಲೆ ಬೆರಳಿಟ್ಟು ಒಬ್ಬರೇ ನಕ್ಕರು. ಆಮೇಲೆ ಹೇಳಿದರು — “ಸಾಕು. ಇನ್ನು ಮುಟ್ಟಬೇಡಿ.”

ಮೇಡಮ್ಮನ ಬಾಯಲ್ಲಿ ‘ಸಾಕು’ ಅಂದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಒಳ್ಳೆಯದು, ಸುಂದರ ಎಂಬ ಮಾತುಗಳನ್ನು ಅವರು ಬಳಸಿದ್ದೇ ಇಲ್ಲ. ಅವರ ತರಗತಿಯಲ್ಲಿ ಕೂತ ನನಗೆ ಅದು ಗೊತ್ತು. ಕನ್ನಡ ತೆಗೆದುಕೊಳ್ಳದ ತಬಸ್ಸುಮಳಿಗೆ ಹೇಗೆ ಗೊತ್ತಿರಬೇಕು? “ನೀನೇ ಮಾಡಿದ್ದಾ?” ಎಂದೂ ಕೇಳಿದರು. ನಾನು ಹೌದೆನ್ನಲಿಲ್ಲ. ಅಲ್ಲ ಎನ್ನಲೂ ಇಲ್ಲ. ತಲೆ ತಗ್ಗಿಸಿ ನಕ್ಕೆ — ವಿನಯದಿಂದ ಎಂದು ಅವರು ತಿಳಿದುಕೊಂಡಿರಬೇಕು.

ಲ್ಯಾಬಿಗೆ ಬರುವ ಹೊತ್ತಿಗೆ ಆ ನಗು ಎಲ್ಲಿ ಹೋಯಿತೋ. ತಬಸ್ಸುಮ್ ಕುರ್ಚಿಯಿಂದ ಎದ್ದೇ ಬಿಟ್ಟಿದ್ದಳು.

“ಏನಂದ್ರು?”

“ಸಾಕು ಅಂದ್ರು.”

ಅವಳು ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನಿತ್ತೋ ಅದನ್ನೇ ಓದಿಕೊಂಡಳು. “ಸಾಕು ಅಂದ್ರ… ಬ್ಯಾಡಂತನ?”

ಇಲ್ಲಿಯೇ — ಇಲ್ಲಿ ಒಂದು ಮಾತು ಸಾಕಾಗಿತ್ತು. ಅಲ್ಲ ಹುಚ್ಚಿ, ಮುಟ್ಟಬೇಡಿ ಅಂದ್ರು, ಅಷ್ಟು ಛಲೋ ಆಗೇದ ಅಂದ್ರು… ನಾಲಿಗೆಯ ತುದಿಯವರೆಗೂ ಬಂದಿತ್ತು ಎಂದು ಬರೆಯುವ ಆಸೆಯಾಗುತ್ತದೆ. ಬಂದಿರಲಿಲ್ಲ. ನಾನು ಕಂಪ್ಯೂಟರ್ ಪರದೆ ನೋಡುತ್ತ ನಿಂತೆ.

“ಇರಲಿ ಬಿಡು,” ಎಂದಳು ಅವಳು. “ನಾ ತಿಳಿದಷ್ಟು ಮಾಡಿದ್ನಿ. ಇನ್ನ ನೀನ ನೋಡ್ಕೋ.” ಚೀಲ ಹೆಗಲಿಗೇರಿಸಿಕೊಂಡು ಹೋದಳು. ಕೋಪ ಮಾಡಿಕೊಂಡೂ ಹೋಗಲಿಲ್ಲ. ಬಾಗಿಲಲ್ಲಿ ತಿರುಗಿ, ಫೈಲ್ ಯಾವ ಫೋಲ್ಡರಿನಲ್ಲಿದೆ ಎಂದು ಹೇಳಿಯೇ ಹೋದಳು.

ಪುಟವನ್ನು ನನ್ನದು ಅನ್ನಿಸಿಕೊಳ್ಳಲು ನಾನು ಏನಾದರೂ ಮಾಡಲೇಬೇಕಲ್ಲ. ನಡುವಿನ ಆ ಖಾಲಿ ಜಾಗದಲ್ಲಿ ಒಂದು ಹಿತ್ತಾಳೆಯ ದೀಪ ತಂದಿಟ್ಟೆ. ಕೆಳಗೆ ‘ಪುಟವಿನ್ಯಾಸ: ವೀಣಾ’ ಎಂದು ಹಾಕಿದೆ. ಅಚ್ಚಾಗಿ ಬಂದ ಮೇಲೆ ಮೇಡಂ ಹುಬ್ಬು ಗಂಟಿಕ್ಕಿ, “ಮುಟ್ಟಬೇಡಿ ಅಂದಿದ್ದೆ ಅಲ್ವಾ?” ಎಂದು ಕೇಳಿ ಪುಟ ತಿರುಗಿಸಿದರು.

ತಬಸ್ಸುಮ್ ಮಾತ್ರ ದೀಪವನ್ನು ನೋಡಿ ಹೇಳಿದ್ದು ಬೇರೆ. “ಓ, ಇದು ಕಮ್ಮಿ ಬಿದ್ದಿತ್ತು ನೋಡು! ನನ್ನ ಕಚ್ಚಾ ಕೆಲಸ ನೀ ನೆಟ್ಟಗ ಮಾಡಿದಿ. ಥ್ಯಾಂಕ್ಸ್ ವೀಣಾ.” ಅವಳು ನನಗೆ ಥ್ಯಾಂಕ್ಸ್ ಹೇಳಿದಳು. ನಾನು ಅದನ್ನೂ ಇಟ್ಟುಕೊಂಡೆ.

ಪತ್ರಿಕೆಯನ್ನು ಅಪ್ಪನಿಗೆ ತೋರಿಸುವಾಗ ನೀನೂ ಬಾ ಎಂದು ಕರೆದಳು. ಒಬ್ಬಳೇ ಹೋಗಿ ಹೇಳಲು ಅವಳಿಗೆ ಧೈರ್ಯ ಸಾಲದು ಎಂದು ನನಗೆ ಅರ್ಥವಾಗಿತ್ತು. ಹೋದೆ. ಯಾಕೆ ಹೋದೆನೋ… ಹೋಗದಿದ್ದರೆ ಅನುಮಾನ ಬಂದೀತು ಎಂದಿರಬೇಕು. ಅವಳ ಅಪ್ಪ ಕೈ ತೊಳೆದುಕೊಂಡು ಬಂದು, ಚಾಪೆಯ ಮೇಲೆ ಕೂತು, ನಮ್ಮ ನಾಲ್ಕೂ ಪುಟಗಳನ್ನು ಬೆರಳಿಟ್ಟು ತುಟಿ ಆಡಿಸುತ್ತ ಓದಿದರು. ಒಂದು ಸಾಲನ್ನೂ ಬಿಡಲಿಲ್ಲ. ಕೊನೆಗೆ ತಲೆ ಎತ್ತಿ ಕೇಳಿದರು:

“ನಿನ್ನ ಹೆಸರು ಎಲ್ಲೈತಿ ಬೇಟಿ?”

“ನಂದಿಲ್ಲ ಅಬ್ಬಾ. ಇಕಿದು ಐತಿ,” ಎಂದು ತಬಸ್ಸುಮ್ ನನ್ನತ್ತ ಕೈ ಮಾಡಿದಳು.

ಅವರು ಮತ್ತೆ ಆ ಪುಟ ತೆರೆದರು. ಅವರ ಮುಖ ಅರಳಿತು. “ಛಲೋ ಮಾಡೀದಿ ನೋಡವಾ. ನಮ್ಮೂರಾಗ ಪಂಗತಿ ಕುಂತಂಗ ಐತಿ. ಆದ್ರ ಈ ದೀಪ ಯಾಕ ನಡುವ? ಬಡಸಾವ್ರು ಎಡವಿ ಬೀಳ್ತಾರಲ್ಲ!” ಎಂದು ನಕ್ಕರು. ತಬಸ್ಸುಮ್ ಗಕ್ಕನೆ ತಲೆ ಎತ್ತಿ ಅಪ್ಪನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಲಿಲ್ಲ, ನೆಲ ನೋಡಿದಳು. ಅವಳ ಅಮ್ಮ ಚಹಾ ತಂದಿಟ್ಟರು. ನಾನು ಅದನ್ನು ಕುಡಿದೆ.

ಅವಳು ಕೋರ್ಸಿಗೆ ಅರ್ಜಿ ಹಾಕಲಿಲ್ಲ. ಅಪ್ಪ ಬೇಡ ಎಂದರೆಂದಲ್ಲ. ಅವಳೇ ಮಾತು ಎತ್ತಲಿಲ್ಲವಂತೆ. ಪರೀಕ್ಷೆ ಮುಗಿದ ಮೇಲೆ ಭೇಟಿಯೂ ನಿಂತುಹೋಯಿತು. ನಿಲ್ಲಲಿ ಎಂದೇ ನಾನಿದ್ದೆ.

ಪರೇಲಿನ ಒಂದು ಪುಟವಿನ್ಯಾಸದ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿದ್ದು ಆ ಎರಡು ಪುಟಗಳಿಂದ. ಇನ್ನೊಂದನ್ನೂ ಹೇಳಿಬಿಡುತ್ತೇನೆ, ಅರ್ಧ ಹೇಳಿ ಅರ್ಧ ಮುಚ್ಚಿಡುವ ಚಟ ನನಗೆ ಮೊದಲೇ ಇದೆ. ಸಂದರ್ಶನಕ್ಕೆ ಒಯ್ಯುವ ಮುಂಚೆ ನಾನು ಆ ದೀಪ ತೆಗೆದುಹಾಕಿದ್ದೆ. ಅವಳ ಅಪ್ಪನ ಮಾತು ಸರಿ ಎಂದು ನನಗೆ ಗೊತ್ತಿತ್ತಲ್ಲ. ಆ ಖಾಲಿ ಜಾಗವನ್ನೇ ನೋಡಿ ಆಫೀಸಿನವರು ನನ್ನನ್ನು ತೆಗೆದುಕೊಂಡರು.

ಈಚೆಗೆ ಅಮ್ಮನನ್ನು ಪರೇಲಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆ. ಬಿಲ್ಲಿನ ಕಿಟಕಿಯ ಗಾಜಿನಾಚೆ ತಬಸ್ಸುಮ್. “ವೀಣಾ! ನೀನ ಅಲ್ಲೇನ?” — ಅದೇ ದನಿ. ಊಟದ ಹೊತ್ತಿಗೆ ಕ್ಯಾಂಟೀನಿಗೆ ಕರೆದಳು. ಡಬ್ಬಿ ಬಿಚ್ಚಿ, ಅರ್ಧ ರೊಟ್ಟಿ ಮುರಿದು ನನ್ನ ಮುಂದಿಟ್ಟಳು. ಮಗಳ ಸುದ್ದಿ ಹೇಳಿದಳು. ಗೋಡೆ, ಪುಸ್ತಕ ಏನನ್ನೂ ಬಿಡದೆ ಚಿತ್ರ ಬಿಡಿಸುತ್ತಾಳಂತೆ. “ಬೈತೀನಿ ನಾ. ನನಗೂ ಒಂದ್ ಕಾಲಕ್ಕ ಆ ಹುಚ್ಚು ಇತ್ತಲ್ಲ. ನಂದು ಬರೀ ಹುಚ್ಚು ಅಂತ ಟೈಮಿಗೆ ತಿಳೀತು, ಛಲೋ ಆತು.”

ಆ ‘ಛಲೋ ಆತು’ ಕೇಳಿದ ಮೇಲೆ ನನಗೆ ಕೂರಲಾಗಲಿಲ್ಲ. ಹೇಳಿಬಿಟ್ಟೆ. ಎಲ್ಲ — ಮೇಡಂ, ದೀಪ, ನೌಕರಿ.

ಮುಗಿದ ಮೇಲೆ ಒಂದೇ ಕೇಳಿದಳು. “ಮೇಡಂ ಏನಂದ್ರು? ಅವರಂದಂಗ ಪೂರಾ ಹೇಳು.”

“ಸಾಕು. ಇನ್ನು ಮುಟ್ಟಬೇಡಿ.”

“ಮುಟ್ಟಬೇಡಿ ಅಂದ್ರಾ,” ಎಂದು ತನಗೆ ತಾನೇ ಹೇಳಿಕೊಂಡಳು. ರೊಟ್ಟಿಯ ಪುಡಿಯನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡಿದಳು. “ಅಬ್ಬಾ ಹೋದ ವರ್ಷ ತೀರಿಕೊಂಡ್ರು. ಆ ಪುಸ್ತಕ ತೆಗೆದು ತೆಗೆದು ನೋಡತಿದ್ರು. ಕಡೀತನಕಾ ನಿನ್ನ ಹೆಸರು ತಗೀತಿದ್ರು ವೀಣಾ. ಆ ಹುಡುಗಿ ಎಷ್ಟ್ ಛಲೋ ಮಾಡಿದ್ಲು, ನೀನೂ ಹಂಗ ಕಲೀಬೇಕಿತ್ತು ಅಂತಿದ್ರು ನನಗ.”

“ತಪ್ಪಾತು, ತಬಸ್ಸುಮ್. ನಾ—”

“ಸಾಕು,” ಎಂದಳು.

ಆ ‘ಸಾಕು’ಗೆ ಎರಡನೆಯ ಅರ್ಥ ಇರಲಿಲ್ಲ. ಡಬ್ಬಿ ಮುಚ್ಚಿಕೊಂಡು ಎದ್ದುಹೋದಳು. ಸ್ವಲ್ಪ ಹೊತ್ತಿನ ನಂತರ ಅಮ್ಮನ ರಸೀದಿಗೆ ಅದೇ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಹೆಸರು ಕೇಳಿದಳು — ರೋಗಿಯ ಹೆಸರು, ಎಲ್ಲರನ್ನೂ ಕೇಳುವ ಹಾಗೆ, ಹಿಂದಿಯಲ್ಲಿ. ರಸೀದಿಯನ್ನು ಗಾಜಿನ ಕೆಳಗಿನಿಂದ ತಳ್ಳಿ ಮುಂದಿನವರನ್ನು ಕರೆದಳು.

ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಅದು ಸಿಗುವುದಿಲ್ಲ, ಸಿಗಬಾರದು. ಒಂದು ತಿದ್ದುಪಡಿ ಬಾಕಿ ಇತ್ತು, ಅದನ್ನಷ್ಟೇ ಮಾಡುತ್ತಿದ್ದೇನೆ: ಆ ಎರಡು ಪುಟಗಳ ವಿನ್ಯಾಸ ತಬಸ್ಸುಮಳದು. ನಡುವಿನ ಬಿಳಿ ಜಾಗವೂ ಅವಳದೇ. ಕನ್ನಡದಲ್ಲೇ ಬರೆದಿದ್ದೇನೆ, ಅವಳ ಹೆಸರನ್ನೂ ಹಾಕಿದ್ದೇನೆ. ಇದನ್ನು ಬೆರಳಿಟ್ಟು ಓದಿ, ‘ಈಗ ಮಾತಾಡೂಣು ಬಾ ಬೇಟಿ’ ಎಂದು ಮಗಳನ್ನು ಕರೆಯಬೇಕಾಗಿದ್ದ ಮನುಷ್ಯ ಈಗ ಇಲ್ಲ.