ಅತ್ತೆ ಅರೆಯುತ್ತಿದ್ದ ನೆಲನೆಲ್ಲಿ

ನಮ್ಮತ್ತೆ ಕಾಮಾಲೆಗೆ ಮದ್ದು ಕೊಡುತ್ತಿದ್ದರು. ಆನಂದಪುರದ ಹತ್ತಿರದ ನಮ್ಮ ಮನೆಗೆ ಹೊಸನಗರ, ತೀರ್ಥಹಳ್ಳಿಯ ಕಡೆಯಿಂದಲೂ ಜನ ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಸ್ಸಿಳಿದು ಬರುತ್ತಿದ್ದರು. ಮದ್ದು ಎಂದರೆ ನೆಲನೆಲ್ಲಿ. ಅಂಗಳದ ಅಂಚಿನಲ್ಲಿ, ಗದ್ದೆಯ ಬದುವಿನಲ್ಲಿ, ಎಲ್ಲಿ ಬೇಕಾದರಲ್ಲಿ ಹುಟ್ಟುವ ಗೇಣುದ್ದದ ಗಿಡ. ಎಲೆಯ ಅಡಿಯಲ್ಲಿ ಸಾಸಿವೆಯಷ್ಟು ಕಾಯಿ. ಅತ್ತೆ ಅದನ್ನು ಬೇರು ಸಮೇತ ಕಿತ್ತು, ತೊಳೆದು, ನುಣ್ಣಗೆ ಅರೆದು, ಹಸುವಿನ ಹಾಲಿನಲ್ಲಿ ಕದಡಿ ಕುಡಿಸುತ್ತಿದ್ದರು. ಎಣ್ಣೆ, ಖಾರ, ಉಪ್ಪು ಬಿಟ್ಟು ಪಥ್ಯ. ಉರಿಮೂತ್ರಕ್ಕೂ ಅದರದೇ ರಸ, ತುರಿಕೆಗೂ ಅದರದೇ ಸೊಪ್ಪು. ಹೆಸರು ಹೇಳಿದರೆ ಮದ್ದು ನಾಟುವುದಿಲ್ಲವೆಂದು ಅಡುಗೆಮನೆಯ ಬಾಗಿಲು ಹಾಕಿಕೊಂಡು ಅರೆಯುತ್ತಿದ್ದರು. ಗುಟ್ಟಂತೆ ಗುಟ್ಟು. ಊರಿನ ದನ ಕಾಯುವವರಿಗೂ ಗೊತ್ತಿತ್ತು.

ನನಗೆ ಇದು ಕಂಡರಾಗುತ್ತಿರಲಿಲ್ಲ. "ರಕ್ತ ಪರೀಕ್ಷೆ ಇಲ್ಲ, ಎಂತದೂ ಇಲ್ಲ. ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ ಏನ್ ಮಾಡ್ತೀರಿ ಅತ್ತೆ?" ಎಂದು ವರ್ಷಗಟ್ಟಲೆ ರೇಗಿದ್ದೇನೆ. "ಹೋಗೇ, ನಾಲ್ಕಕ್ಷರ ಕಲ್ತವಳು ನೀನು. ನಿನ್ನ ಡಾಕ್ಟ್ರ ಹತ್ರ ವಾಸಿ ಆಗ್ದೆ ಇದ್ದವ್ರೇ ನನ್ನ ಹತ್ರ ಬರೋದು" ಎಂದು ಅವರೂ ಬಿಡುತ್ತಿರಲಿಲ್ಲ.

ಹೋದ ವರ್ಷ ನನ್ನ ಗಂಡನ ಕಣ್ಣು ಹಳದಿಯಾಯಿತು. ಎರಡು ದಿನದಿಂದ ಊಟ ಸೇರದೆ ವಾಂತಿ. ಅತ್ತೆ ಮದ್ದು ಅರೆಯುವ ಮೊದಲೇ ಸಾಗರದ ಆಸ್ಪತ್ರೆಗೆ ಕರೆದೊಯ್ಯಬೇಕೆಂದು, ಜಗಳಕ್ಕೆ ಸಿದ್ಧಳಾಗಿಯೇ ಒಳಗೆ ನುಗ್ಗಿದೆ. ಅರೆಯುವ ಕಲ್ಲು ಒಣಗಿತ್ತು. ಅತ್ತೆ ಮಗನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದರು.

"ಮದ್ದು?" ಎಂದೆ.

"ಆಟೋಕ್ಕೆ ಫೋನ್ ಮಾಡು" ಎಂದರು. ಅಷ್ಟೇ.

ಆರು ದಿನ ಆಸ್ಪತ್ರೆಯಲ್ಲಿದ್ದು ನನ್ನವರು ಹುಷಾರಾದರು. ಮನೆಗೆ ಬಂದ ಮೇಲೆ ಅತ್ತೆಯನ್ನು ಚುಚ್ಚುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಹೇಗೋ ತಡೆದುಕೊಂಡೆ.

ಮುಂದಿನ ಭಾನುವಾರ ಹೊಸನಗರದ ಕಡೆಯ ಹೆಂಗಸೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಅತ್ತೆ ಹುಡುಗಿಯ ಕಣ್ಣರೆಪ್ಪೆ ಎಳೆದು ನೋಡಿ, "ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗು. ನಾನು ಮದ್ದು ಕೊಡೋದು ಬಿಟ್ಟೆ" ಎಂದರು. ಅಂತೂ ಬುದ್ಧಿ ಬಂತು ಎಂದು ಬಾಗಿಲಲ್ಲಿ ನಿಂತಿದ್ದ ನನಗೆ ಖುಷಿಯೇ ಆಯಿತು.

ಆ ಹೆಂಗಸು ಏಳಲಿಲ್ಲ. "ನಿಮ್ಮ ಕೈಗುಣ ನಂಬ್ಕೊಂಡು ಬಂದೀವಿ ಅಮ್ಮ. ನನ್ನ ದೊಡ್ಡ ಮಗನಿಗೆ ನೀವೇ ಅಲ್ವಾ ವಾಸಿ ಮಾಡಿದ್ದು?"

ಅತ್ತೆ ಒಳಗೆ ಮಲಗಿದ್ದ ಮಗನ ಕಡೆ ಕೈ ತೋರಿಸಿದರು.

"ಇವನಿಗೆ ಬಂದಾಗ ಕೊಡೋಕೆ ನಂಗೇ ಧೈರ್ಯ ಬರ್ಲಿಲ್ಲ ಮಾರಾಯ್ತಿ. ನಿನ್ನ ಮಗನಿಗೆ ಅವತ್ತು ಹೆಂಗೆ ಕೊಟ್ನೋ, ನಂಗೇ ಗೊತ್ತಿಲ್ಲ."