ಕಡಲೆಕಾಯಿ ಹರವಿದ ಫುಟ್‌ಪಾತ್

೨೦೨೩ನೆಯ ಇಸವಿ. ನನಗಾಗ ನಲವತ್ತೆಂಟು ವರ್ಷ. ಶಿರಾದಲ್ಲಿ ರಸ್ತೆ ಗುತ್ತಿಗೆದಾರರೊಬ್ಬರ ಬಳಿ ಸೈಟ್ ಇಂಜಿನಿಯರ್ ಆಗಿದ್ದೆ. ಅದಕ್ಕೆ ಮೊದಲು ಒಂಬತ್ತು ವರ್ಷ ಮಧುಗಿರಿಯ ಶಾಲೆಯೊಂದರಲ್ಲಿ ಗಣಿತ ಕಲಿಸಿದ್ದೆ; ಅಡಿಪಟ್ಟಿಯಿಲ್ಲದೆ ಗೆರೆ ಎಳೆದ ವಿದ್ಯಾರ್ಥಿಗೆ ನನ್ನಲ್ಲಿ ಕ್ಷಮೆ ಇರಲಿಲ್ಲ. ಆ ಶಿಸ್ತನ್ನೇ ಕಾಂಕ್ರೀಟಿಗೂ ಅನ್ವಯಿಸಿದ್ದೆ.

ಕಡಲೆಕಾಯಿ ವ್ಯಾಪಾರದ ಮಂಡಿಗಳ ಸಾಲಿನ ಮುಂದೆ ನಾವು ಕಟ್ಟಿದ ಫುಟ್‌ಪಾತ್ ಆರು ಅಡಿ ಅಗಲವಿತ್ತು. ಅಕ್ಟೋಬರಿನಲ್ಲಿ ಕೆಲಸ ಮುಗಿಯಿತು. ಮೇಲ್ಮೈಯನ್ನು ಉಕ್ಕಿನ ಕರಣೆಯಿಂದ ತಿಕ್ಕಿಸಿ, ಕನ್ನಡಿಯಂತೆ ನಯಗೊಳಿಸಿದ್ದೆ. ನಕ್ಷೆಯಲ್ಲಿ ಒರಟು ಮೇಲ್ಮೈ ಎಂದೇ ಬರೆದಿತ್ತು. ನಯವಾದದ್ದು ಅಂದವಾಗಿರುತ್ತದೆಂದು ಬದಲಾಯಿಸಿದವನು ನಾನು.

ನವೆಂಬರಿನಲ್ಲಿ ಹೊಸ ಕಡಲೆಕಾಯಿ ಬಂದಿತು. ಒಂದೇ ವಾರದಲ್ಲಿ ಮಂಡಿಯವರು ಫುಟ್‌ಪಾತಿನ ಉದ್ದಕ್ಕೂ ಕಾಯಿ ಒಣಹಾಕಿದರು. ಪಾದಚಾರಿಗಳು ರಸ್ತೆಯ ಅಂಚಿಗೆ ಇಳಿದರು. ಅಂಚಿನಲ್ಲಿ ಸಾಗುತ್ತಿದ್ದ ಸೈಕಲ್ಲಿನವರು ಲಾರಿಗಳ ಮಧ್ಯಕ್ಕೆ ಸರಿದರು. ನಾನು ಎರಡು ಬಾರಿ ಎಚ್ಚರಿಕೆಯ ಫಲಕ ನಿಲ್ಲಿಸಿದೆ. ಎರಡನೆಯದರ ಮೇಲೆ ಯಾರೋ ಖಾಲಿ ಗೋಣಿಚೀಲಗಳನ್ನು ಒಣಹಾಕಿದರು.

ಡಿಸೆಂಬರಿನ ಒಂದು ಬೆಳಿಗ್ಗೆ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಹೆಂಗಸೊಬ್ಬರು ನಮ್ಮ ಶೆಡ್ಡಿಗೆ ಬಂದರು. ಹೆಸರು ಶಿವಮ್ಮ, ರಸ್ತೆಯ ಆ ತುದಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಕಾಯಿಯ ರಾಶಿ ತಪ್ಪಿಸಿ ರಸ್ತೆಗೆ ಇಳಿದಾಗ ಟ್ರ್ಯಾಕ್ಟರಿನ ಟ್ರೈಲರ್ ತಗುಲಿ ಬಿದ್ದಿದ್ದರು.

“ಸಾ, ಇದುನ್ನ ಯಾರ್ಗೆ ಕಟ್ಸಿದ್ದು? ನಮ್ಗೋ, ಕಡ್ಲೆಕಾಯ್ಗೋ?”

ನಾನು ಕುರ್ಚಿ ಎಳೆದುಕೊಟ್ಟೆ. ಅವರು ನಿಂತೇ ಮುಂದುವರಿಸಿದರು.

“ಕೈ ಕೂಡ್ಕಂತದೆ ಬುಡಿ. ಆದ್ರೆ ಆ ರೋಡ್ಗೆ ಇಳಿಯಾಕೆ ದೈರ್ಯ ಬರಾಕಿಲ್ಲ. ಸಂಕ್ರಾಂತಿ ಒಳ್ಗೆ ಬರ್ದಿದ್ರೆ ಬ್ಯಾರೇರ್ನ ಹಾಕ್ಕಂತೀವಿ ಅಂದವ್ರೆ ಹೆಡ್‌ಮಾಸ್ಟ್ರು. ಹನ್ನೆಲ್ಡು ವರ್ಸದ ಕೆಲ್ಸ ಸಾ ಅದು.”

ನೇರವಾಗಿ ಮಂಡಿಯ ರುದ್ರಪ್ಪನವರ ಬಳಿಗೆ ಹೋದೆ. ಎಲ್ಲರಿಗಿಂತ ಹೆಚ್ಚು ಕಾಯಿ ಹರವುತ್ತಿದ್ದವರು ಅವರೇ. ಫುಟ್‌ಪಾತಿನಲ್ಲಿ ಏನೂ ಹರವಬಾರದೆಂಬ ನಿಯಮ ಓದಿ ಹೇಳಲು ಆರಂಭಿಸಿದೆ. ಅವರು ನನ್ನ ಕೈಗೆ ಹುರಿದ ಕಡಲೆಕಾಯಿ ಕೊಟ್ಟರು.

“ತಿನ್ನಿ ಮೇಷ್ಟ್ರೇ. ನಮ್ಮಪ್ಪನ ಕಾಲ್ದಲ್ಲಿ ಸಗಣಿ ಸಾರ್ಸಿ ಕಣ ಮಾಡ್ತಿದ್ರು, ಅದೂ ಬಿರುಕು ಬಿಡ್ತಿತ್ತು. ನೀವು ಸಿಮೆಂಟ್ ಕಣನೇ ಮಾಡ್ಕೊಟ್ಬುಟ್ರಿ! ಹಲಗೆ ಹಿಡ್ದು ಒಂದ್ಸಲ ಗೋರಿದ್ರೆ ಒಂದ್ ಕಾಯೂ ಒಡೆಯಲ್ಲ. ಇಂಥಾದ್ನ ಯಾರಾದ್ರೂ ಖಾಲಿ ಬಿಡ್ತಾರಾ?”

ಅವರು ನನ್ನನ್ನು ಹೊಗಳುತ್ತಲೇ ಇದ್ದರು. ನನ್ನ ತಪ್ಪು ನನಗೆ ತಿಳಿದದ್ದು ಆ ಹೊಗಳಿಕೆಯಿಂದ. ಕಣಕ್ಕೆ ಬೇಕಾದ ಎಲ್ಲ ಗುಣಗಳನ್ನೂ ನಾನು ಫುಟ್‌ಪಾತಿಗೆ ಕೊಟ್ಟಿದ್ದೆ.

ಕಾಮಗಾರಿ ಮುಗಿದ ಮೇಲೂ ಕೆಲಕಾಲ ಅದರ ದೋಷಗಳನ್ನು ಗುತ್ತಿಗೆದಾರನೇ ಸರಿಪಡಿಸಬೇಕು. ಇದಕ್ಕೆ ಡಿಫೆಕ್ಟ್ ಲಯಬಿಲಿಟಿ ಅವಧಿ ಎನ್ನುತ್ತಾರೆ. ನನ್ನ ಕೆಲಸವನ್ನು ನಾನೇ ದೋಷವೆಂದು ಬರೆದು ಸಹಿ ಮಾಡಿದೆ. ಗುತ್ತಿಗೆದಾರರು, “ಇಷ್ಟು ಚೆನ್ನಾಗಿರೋದನ್ನ ಕೆಡಿಸ್ತೀಯಲ್ಲಯ್ಯ!” ಎಂದು ಗದರಿದರೂ ಯಂತ್ರ ಕಳುಹಿಸಿದರು. ಮೇಲ್ಮೈಯನ್ನು ಒರಟುಗೊಳಿಸಿ, ಗೇಣಿಗೊಂದರಂತೆ ಅಡ್ಡಗೀರು ಕೊರೆಸಿದೆ. ಕಾಲು ಜಾರುವುದು ತಪ್ಪಿತು, ಹಲಗೆಯೂ ಜಾರದಾಯಿತು.

ರುದ್ರಪ್ಪನವರು ಒಂದು ದಿನ ಪ್ರಯತ್ನಿಸಿದರು. ಹಲಗೆ ಗೀರಿಗೆ ತಡೆದು ತಡೆದು ಕಾಯಿ ಒಡೆಯಿತು.

“ಗೋದಾಮಿನ ತಾರಸಿ ಇದೆಯಲ್ಲ?” ಎಂದೆ.

“ಮೂಟೆ ಹೊತ್ಕಂಡು ಮೆಟ್ಲು ಹತ್ತೋರ್ ಯಾರು ಮೇಷ್ಟ್ರೇ? ನೀವಾ?” ಎಂದರು. ಮರುದಿನವೇ ತಾರಸಿಗೆ ರಾಟೆ ಕಟ್ಟಿಸಿ ಮೂಟೆ ಎಳೆಸಿದರು. ಉಳಿದ ಮಂಡಿಯವರೂ ಅದನ್ನೇ ಮಾಡಿದರು.

ಜನರಿಗೆ ನಿಯಮ ಗೊತ್ತಿಲ್ಲವೆಂದು ದೂರುವುದು ನಮ್ಮ ವೃತ್ತಿಯ ಹಳೆಯ ಚಾಳಿ. ಇಲ್ಲಿ ಮೇಲ್ಮೈ ಒರಟಾಗಿರಬೇಕೆಂಬ ನಿಯಮ ಬರೆದಿದ್ದ ನಕ್ಷೆ ನನ್ನ ಕೈಯಲ್ಲೇ ಇತ್ತು. ಕಟ್ಟಿದ್ದು ಸುಂದರವಾಗಿದೆಯೇ ಎಂದು ನೋಡುವ ಮೊದಲು ಅದರ ಮೇಲೆ ಯಾರು ನಡೆಯಬೇಕು ಎಂದು ಕೇಳಿಕೊಳ್ಳುವುದನ್ನು ನಾನು ಕಲಿತದ್ದು ಈ ಪ್ರಕರಣದಿಂದ.

ಶಿವಮ್ಮನವರು ಮನೆಯಿಂದ ಶಾಲೆಯವರೆಗೆ ಒಮ್ಮೆಯೂ ರಸ್ತೆಗೆ ಇಳಿಯದೆ ನಡೆದುಹೋಗಿ, ಒಲೆ ಹಚ್ಚಿದ್ದು ೨೦೨೪ನೆಯ ಇಸವಿ ಜನವರಿ ೮, ಸೋಮವಾರ.